ಸೋಲುತ್ತಾರೆ ಎನ್ನಲಾದವರ ಪರ: ಮಿಷಿಗನ್ ಪ್ರೈಮರಿ, 2016

2016ರ ಮಾರ್ಚ್ 8ರಂದು ಮಿಷಿಗನ್ ರಾಜ್ಯದಲ್ಲಿ ನಡೆದ ಡೆಮಾಕ್ರಟಿಕ್ ಪ್ರೈಮರಿ (ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಒಳ ಚುನಾವಣೆ), ಅಮೆರಿಕದ ಪೌರತ್ವ ದೊರೆತ ಮೇಲೆ ನಾನು ಮತ ಹಾಕಿದ ಮೊದಲ ಚುನಾವಣೆ. ಅದಕ್ಕೂ ಹಿಂದಿನ ವಾರಗಳಲ್ಲಿ ಪ್ರಕಟವಾದ ಸಮೀಕ್ಷೆಗಳ ಸರಾಸರಿ ತೆಗೆದರೆ ಹಿಲರಿ ಕ್ಲಿಂಟನ್ ಅವರಿಗೆ ಶೇಕಡಾ 20ರ ಆಸುಪಾಸಿನ ಮುನ್ನಡೆಯಿತ್ತು. ಸಮೀಕ್ಷೆಗಳನ್ನು ಅಳೆದು ತೂಗಿ ಭವಿಷ್ಯ ಹೇಳುವವರು ಅವರ ಗೆಲುವಿನ ಸಾಧ್ಯತೆಯನ್ನು ಶೇಕಡಾ 99ಕ್ಕೂ ಮೇಲೆ ಇಟ್ಟಿದ್ದರು. ನಾನು ಅವರ ಎದುರಾಳಿ ಬರ್ನಿ ಸ್ಯಾಂಡರ್ಸ್ ಅವರ ಪರವಾಗಿ ಮನೆ ಮನೆಯ ಬಾಗಿಲು ತಟ್ಟುತ್ತಿದ್ದೆ.

ಅವರನ್ನು ಬೆಂಬಲಿಸಲು ನನಗಿದ್ದ ಮುಖ್ಯ ಕಾರಣ ಆರೋಗ್ಯ ವಿಮೆ. ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಕಂಪನಿಗಳು ದಿವಾಳಿ ಅರ್ಜಿ ಸಲ್ಲಿಸಿದ 2009ರಲ್ಲಿ, ಕಾರಿನ ಬಿಡಿಭಾಗಗಳ ಉದ್ಯಮದಲ್ಲಿ ನನ್ನ ಪಕ್ಕದ ಮೇಜುಗಳಲ್ಲಿ ಕುಳಿತು ದುಡಿಯುತ್ತಿದ್ದವರು ಕೆಲಸ ಕಳೆದುಕೊಂಡರು; ಕೆಲಸದ ಜೊತೆಗೆ ವಿಮೆಯೂ ಹೋಯಿತು. ಸಂಬಳ ನಿಂತ ತಿಂಗಳಲ್ಲೇ ಔಷಧದ ಖರ್ಚೂ ತಲೆಯ ಮೇಲೆ ಬೀಳುವ ಈ ವ್ಯವಸ್ಥೆಯನ್ನು ಬದಲಿಸಬೇಕೆಂದು, ಅದು ಜನಪ್ರಿಯವಲ್ಲದ ಕಾಲದಿಂದಲೂ ಹೇಳುತ್ತ ಬಂದಿದ್ದ ಅಭ್ಯರ್ಥಿ ಅವರೊಬ್ಬರೇ ಎಂದು ನನಗೆ ತೋರಿತು. 1981ರಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ನಗರದ ಮೇಯರ್ ಹುದ್ದೆಯನ್ನು ಕೇವಲ 10 ಮತಗಳ ಅಂತರದಿಂದ ಗೆದ್ದವರು, ಒಂದೊಂದು ಮತದ ಬೆಲೆಯನ್ನೂ ಬಲ್ಲವರು ಎಂಬ ಅಭಿಮಾನವೂ ಇತ್ತು.

ನಮ್ಮ ಕನ್ನಡ ಬಳಗದಲ್ಲಿ ಹೆಚ್ಚಿನವರು ಕ್ಲಿಂಟನ್ ಕಡೆಗಿದ್ದರು. ಕ್ಲಿಂಟನ್ ಅವರ ಅನುಭವದ ಮೇಲೆ ಗೆಳೆಯರಿಟ್ಟಿದ್ದ ನಂಬಿಕೆಗೆ ಆಧಾರವಿತ್ತು, ಅದನ್ನು ನಾನು ಗೌರವಿಸುತ್ತೇನೆ. ಒಪ್ಪಲಾಗದೆ ಹೋದದ್ದು ಇನ್ನೊಂದು ಮಾತನ್ನು: "ಗೆಲ್ಲುವ ಕುದುರೆಗೆ ಹಾಕಿ ಮಾರಾಯ್ರೆ, ಸುಮ್ಮನೆ ವೋಟು ಯಾಕೆ ಹಾಳು ಮಾಡ್ತೀರಿ?" ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಒಂದು ಮತ ಹೆಚ್ಚು ಪಡೆದವರು ಇಡೀ ಕ್ಷೇತ್ರವನ್ನೇ ಗೆಲ್ಲುವುದರಿಂದ, ಅಲ್ಲಿ ಬೆಳೆದವರಿಗೆ ಈ ಲೆಕ್ಕಾಚಾರ ಸಹಜವಾಗಿಯೇ ಬರುತ್ತದೆ. ಡೆಮಾಕ್ರಟಿಕ್ ಪ್ರೈಮರಿಯ ನಿಯಮ ಬೇರೆ. ಶೇಕಡಾ 15ರ ಗಡಿ ದಾಟಿದ ಪ್ರತಿಯೊಬ್ಬ ಅಭ್ಯರ್ಥಿಗೂ ಮತಗಳ ಪ್ರಮಾಣಕ್ಕೆ ತಕ್ಕಂತೆ ಡೆಲಿಗೇಟ್‌ಗಳು, ಅಂದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು, ದೊರೆಯುತ್ತಾರೆ. ಸೋತವರೂ ತಮ್ಮ ಪಾಲಿನ ಡೆಲಿಗೇಟ್‌ಗಳೊಂದಿಗೆ ಪಕ್ಷದ ಸಮಾವೇಶಕ್ಕೆ ಹೋಗುತ್ತಾರೆ. ಹಾಗಾಗಿ ಇಲ್ಲಿ ಹಿಂದೆ ಬಿದ್ದ ಅಭ್ಯರ್ಥಿಗೆ ಹಾಕಿದ ಮತ ಹಾಳಾಗುವುದಿಲ್ಲ. ಇದನ್ನು ನಾನು ಊಟದ ಮೇಜಿನಲ್ಲೂ ದೇವಸ್ಥಾನದ ಪಾರ್ಕಿಂಗ್‌ನಲ್ಲೂ ಬೇಸರಿಸದೆ ವಿವರಿಸಿದ್ದೇನೆ.

ಮನೆ ಮನೆ ಪ್ರಚಾರಕ್ಕೆ ಹೋಗುವವರಿಗೆ ವಿಳಾಸಗಳ ಪಟ್ಟಿ ಕೊಡುತ್ತಾರೆ. ಪ್ರತಿ ಹೆಸರಿನ ಮುಂದೆ ಒಂದರಿಂದ ಐದರವರೆಗಿನ ಅಂಕಿಗಳಿರುತ್ತವೆ: ಒಂದು ಎಂದರೆ ಖಚಿತ ಬೆಂಬಲಿಗರು, ಐದು ಎಂದರೆ ಖಚಿತ ವಿರೋಧಿಗಳು. ನಮಗೆ ಬೇಕಾದವರು ಮೂರರ ಸುತ್ತ ಇರುವವರು, ಇನ್ನೂ ತೀರ್ಮಾನಿಸದವರು. "ನಾನು ಪಕ್ಷದಲ್ಲಿ ನೋಂದಾಯಿಸಿಲ್ಲವಲ್ಲ" ಎಂದು ಹಿಂಜರಿದವರಿಗೆ, ಮಿಷಿಗನ್‌ನಲ್ಲಿ ಪಕ್ಷವಾರು ನೋಂದಣಿಯೇ ಇಲ್ಲ, ಮತಗಟ್ಟೆಯಲ್ಲಿ ಡೆಮಾಕ್ರಟಿಕ್ ಮತಪತ್ರ ಕೇಳಿ ಪಡೆದರೆ ಸಾಕು ಎಂದು ತಿಳಿಸುವುದೇ ಅರ್ಧ ಕೆಲಸವಾಗಿತ್ತು.

ಫ್ಲಿಂಟ್ ನಗರದಲ್ಲಿ ಮಾರ್ಚ್ 6ರ ರಾತ್ರಿ ನಡೆದ ಚರ್ಚೆಯಲ್ಲಿ, ಕಾರು ಉದ್ಯಮವನ್ನು ಉಳಿಸಿದ ಹಣಕ್ಕೆ ಸ್ಯಾಂಡರ್ಸ್ ವಿರೋಧವಾಗಿ ಮತ ಹಾಕಿದ್ದರೆಂದು ಕ್ಲಿಂಟನ್ ಆರೋಪಿಸಿದರು. ಮರುದಿನ ವೆಸ್ಟ್‌ಲ್ಯಾಂಡ್‌ನ ಒಂದು ಮನೆಯಲ್ಲಿ, ಕಾರು ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಬಾಗಿಲು ತೆರೆದವರೇ ಕೇಳಿದ್ದು ಅದನ್ನೇ: "ನಮ್ಮ ಕೆಲಸ ಉಳಿಸುವ ದುಡ್ಡು ಬೇಡ ಅಂದರಂತಲ್ಲ ನಿಮ್ಮವರು?" 2008ರ ಡಿಸೆಂಬರ್‌ನಲ್ಲಿ ಕಾರು ಉದ್ಯಮಕ್ಕೆಂದೇ ಬಂದ ಪ್ರತ್ಯೇಕ ಮಸೂದೆಯನ್ನು ಸ್ಯಾಂಡರ್ಸ್ ಬೆಂಬಲಿಸಿದ್ದರು, ಅದು ಸೆನೆಟ್‌ನಲ್ಲಿ ಬಿದ್ದುಹೋಯಿತು, 2009ರ ಜನವರಿಯಲ್ಲಿ ಅವರು ವಿರೋಧಿಸಿದ್ದು ಬ್ಯಾಂಕುಗಳ ರಕ್ಷಣೆಗೆ ಮೀಸಲಾದ ನಿಧಿಯ ಎರಡನೇ ಕಂತನ್ನು, ಆಮೇಲೆ ಅದರಲ್ಲೊಂದು ಭಾಗ ಕಾರು ಕಂಪನಿಗಳಿಗೂ ಹೋಯಿತು. ನಾನು ಎರಡನ್ನೂ ಹೇಳಿದೆ, ಎರಡನೆಯದನ್ನು ಮುಚ್ಚಿಡಲಿಲ್ಲ. ಬಾಗಿಲಿನ ಚೌಕಟ್ಟಿಗೆ ಒರಗಿ ಪೂರ್ತಿ ಕೇಳಿಸಿಕೊಂಡ ಅವರು, 1993ರಲ್ಲಿ ಮೆಕ್ಸಿಕೊ, ಕೆನಡಾಗಳೊಂದಿಗಿನ ಮುಕ್ತ ವ್ಯಾಪಾರದ ನಾಫ್ಟಾ ಒಪ್ಪಂದಕ್ಕೆ ಸ್ಯಾಂಡರ್ಸ್ ಯಾವ ಕಡೆ ಮತ ಹಾಕಿದ್ದರೆಂದು ಕೇಳಿದರು. ವಿರುದ್ಧ ಎಂದೆ. "ಅದು ನನಗೆ ನೆನಪಿದೆ" ಎಂದರು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ನಾನು ಗುರುತು ಮಾಡಿದ್ದು ಎರಡು, ಅಂದರೆ ನಮ್ಮ ಕಡೆಗೆ ವಾಲಿದವರು. ಸಮೀಕ್ಷೆಗಳು ಇಂಥ ಒಪ್ಪಂದಗಳ ಬಗೆಗಿನ ಅಸಮಾಧಾನದ ಆಳವನ್ನು ಕಂಡಿರಲಿಲ್ಲವೆಂಬುದು ನನ್ನ ಅಭಿಪ್ರಾಯ. 2008ರ ಮಿಷಿಗನ್ ಪ್ರೈಮರಿಯ ಮತಪತ್ರದಲ್ಲಿ ಒಬಾಮಾ ಅವರ ಹೆಸರೇ ಇಲ್ಲದಿದ್ದುದರಿಂದ, ಹೋಲಿಸಿ ನೋಡಲು ಸರಿಯಾದ ಹಿಂದಿನ ಚುನಾವಣೆಯೂ ಸಮೀಕ್ಷೆ ನಡೆಸಿದವರಿಗಿರಲಿಲ್ಲ.

ಮತ ಎಣಿಕೆಯ ರಾತ್ರಿ ಡೆಟ್ರಾಯಿಟ್ ಇರುವ ವೇಯ್ನ್ ಕೌಂಟಿ ಕ್ಲಿಂಟನ್ ಕಡೆ ನಿಂತರೆ, ಆನ್ ಆರ್ಬರ್ ಮತ್ತು ಗ್ರ್ಯಾಂಡ್ ರ‍್ಯಾಪಿಡ್ಸ್ ಕಡೆಯ ಮತಗಳು ಸ್ಯಾಂಡರ್ಸ್ ಅವರನ್ನು ಮುಂದಿಟ್ಟವು. ಸುಮಾರು 12 ಲಕ್ಷ ಮತಗಳಲ್ಲಿ ಅಂತಿಮ ಅಂತರ 17 ಸಾವಿರದಷ್ಟು. ಸ್ಯಾಂಡರ್ಸ್ ಅವರಿಗೆ ಶೇಕಡಾ 49.7, ಕ್ಲಿಂಟನ್ ಅವರಿಗೆ 48.3. ಅಂಕಿಗಳು ನಿಲ್ಲುವವರೆಗೂ ನಾನು ಟಿವಿಯ ಮುಂದಿನಿಂದ ಏಳಲಿಲ್ಲ.

ಆದರೆ ಅದೇ ದಿನ ಮಿಸಿಸಿಪಿಯಲ್ಲೂ ಮತದಾನ ನಡೆದಿತ್ತು. ಅಲ್ಲಿ ಕ್ಲಿಂಟನ್ ಶೇಕಡಾ 80ಕ್ಕೂ ಹೆಚ್ಚು ಮತ ಪಡೆದರು. ಮಿಷಿಗನ್‌ನಿಂದ ಸ್ಯಾಂಡರ್ಸ್ ಅವರಿಗೆ ದೊರೆತವರು 67 ಡೆಲಿಗೇಟ್‌ಗಳು, ಕ್ಲಿಂಟನ್ ಅವರಿಗೆ 63. ಮಿಸಿಸಿಪಿಯಲ್ಲಿ ಕ್ಲಿಂಟನ್ ಅವರಿಗೆ 31, ಸ್ಯಾಂಡರ್ಸ್ ಅವರಿಗೆ 5. ನಾವು ಸಂಭ್ರಮಿಸಿದ ರಾತ್ರಿಯೇ ಒಟ್ಟು ಲೆಕ್ಕದಲ್ಲಿ ನಮ್ಮ ಅಭ್ಯರ್ಥಿ ಇನ್ನಷ್ಟು ಹಿಂದಕ್ಕೆ ಸರಿದಿದ್ದರು. ದಕ್ಷಿಣದ ರಾಜ್ಯಗಳ ಕಪ್ಪು ಮತದಾರರನ್ನು ಅವರ ಪ್ರಚಾರ ತಲುಪಲೇ ಇಲ್ಲ. ಅವರ ಸೋಲಿಗೆ ಬೇರೆ ಕಾರಣಗಳನ್ನು ಹುಡುಕುವವರು ಈ ಸತ್ಯವನ್ನು ಮೊದಲು ಎದುರಿಸಬೇಕು.

ಜುಲೈ 12ರಂದು ಸ್ಯಾಂಡರ್ಸ್ ಅವರು ಕ್ಲಿಂಟನ್ ಅವರಿಗೆ ಬೆಂಬಲ ಘೋಷಿಸಿದರು. ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಯಲ್ಲಿ ನಾನೂ ಕ್ಲಿಂಟನ್ ಅವರಿಗೇ ಮತ ಹಾಕಿದೆ. ಮಿಷಿಗನ್‌ನಲ್ಲಿ ಡೊನಾಲ್ಡ್ ಟ್ರಂಪ್ 10,704 ಮತಗಳ ಅಂತರದಿಂದ ಗೆದ್ದರು. ಹಾಗಾದರೆ ಮಾರ್ಚ್‌ನಲ್ಲಿ ಹಾಕಿದ ಮತದಿಂದ ಬಂದದ್ದೇನು ಎಂದು ಗೆಳೆಯರು ಈಗಲೂ ಕೇಳುವುದುಂಟು. ಪ್ರೈಮರಿಯ ಮತದಾರರು ಆರಿಸದ, ಪಕ್ಷದ ಪ್ರಮುಖರೇ ಆಗಿರುವ ಸೂಪರ್ ಡೆಲಿಗೇಟ್‌ಗಳ ಅಧಿಕಾರವನ್ನು 2018ರ ಆಗಸ್ಟ್‌ನಲ್ಲಿ ಪಕ್ಷ ಮೊಟಕುಗೊಳಿಸಿತು: ಸ್ಪರ್ಧೆ ಇತ್ಯರ್ಥವಾಗದೆ ಸಮಾವೇಶಕ್ಕೆ ಬಂದರೆ ಮೊದಲ ಸುತ್ತಿನಲ್ಲಿ ಅವರು ಮತ ಹಾಕುವಂತಿಲ್ಲ. ಪಕ್ಷ ಈ ಬದಲಾವಣೆಗೆ ಒಪ್ಪಿದ್ದು 1,800ಕ್ಕೂ ಹೆಚ್ಚು ಚುನಾಯಿತ ಡೆಲಿಗೇಟ್‌ಗಳ ಬಲವಿದ್ದ ಸ್ಯಾಂಡರ್ಸ್ ಪರ ಗುಂಪು ಅದಕ್ಕಾಗಿ ಪಟ್ಟು ಹಿಡಿದದ್ದರಿಂದ, ಮತ್ತು ಅವರಲ್ಲಿ 67 ಮಂದಿಯನ್ನು ಕಳಿಸಿದ್ದು ಮಿಷಿಗನ್.