ಒಂದು ದಿನ ನೀಲಿ, ಒಂದು ದಿನ ಹಳದಿ

ಫೆಬ್ರವರಿ ಬಂತೆಂದರೆ ನನ್ನ ಮಗನ ಶಾಲೆಯಲ್ಲಿ ಗೋಡೆ ಖಾಲಿ ಸಿಗುವುದೇ ಕಷ್ಟ. ನಾವಿರುವುದು ಮೇರಿಲ್ಯಾಂಡಿನಲ್ಲಿ, ವಾಷಿಂಗ್ಟನ್ ಡಿ.ಸಿ. ಪಕ್ಕದ ಒಂದು ಊರಲ್ಲಿ. ಸರ್ಕಾರಿ ಶಾಲೆ. ಕಪ್ಪು ಅಮೆರಿಕನ್ ಮಕ್ಕಳು, ಎಲ್ ಸಾಲ್ವಡಾರ್, ಇಥಿಯೋಪಿಯಾ ಕಡೆಯಿಂದ ಬಂದ ಮನೆಗಳ ಮಕ್ಕಳು, ಬಿಳಿಯರು, ನಮ್ಮಂಥವರು, ಎಲ್ಲರೂ ಇದ್ದಾರೆ. ಇಲ್ಲಿ ಫೆಬ್ರವರಿ ಎಂದರೆ ಬ್ಲ್ಯಾಕ್ ಹಿಸ್ಟರಿ ಮಂತ್, ಕಪ್ಪು ಅಮೆರಿಕನ್ನರ ಇತಿಹಾಸ ನೆನೆಯುವ ತಿಂಗಳು. ಅದು ಮುಗಿಯುವ ಹೊತ್ತಿಗೆ ಒಂದು ಸಂಜೆ ಶಾಲೆಯ ಬಾಗಿಲು ಊರಿಗೆಲ್ಲ ತೆರೆದಿರುತ್ತದೆ. ಮಕ್ಕಳ ಚಿತ್ರ ನೋಡುವುದು, ಹಿರಿಯರ ಮಾತು ಕೇಳುವುದು, ಹಾಡು, ಊಟ. ಕಳೆದ ಸಲ ಚಿತ್ರಗಳನ್ನು ಗೋಡೆಗೆ ಹಾಕುವ ಕೆಲಸಕ್ಕೆ ನಾನೂ ಹೆಸರು ಕೊಟ್ಟಿದ್ದೆ.

ಐದನೇ ಕ್ಲಾಸಿನ ಮಕ್ಕಳನ್ನು ಆರ್ಟ್ ಟೀಚರ್ ವಾಷಿಂಗ್ಟನ್ನಿನ ಫಿಲಿಪ್ಸ್ ಕಲೆಕ್ಷನ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದರು. ಕಪ್ಪು ಕಲಾವಿದ ಜೇಕಬ್ ಲಾರೆನ್ಸ್ ಅವರ ಚಿತ್ರಗಳನ್ನು ತೋರಿಸಲಿಕ್ಕೆ. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಹೊರಟರು. ಹತ್ತಿಗೆ ಹುಳ ಬಿದ್ದು ಬೆಳೆ ಹೋಗಿತ್ತು. ಎಷ್ಟು ದುಡಿದರೂ ಜಮೀನ್ದಾರನ ಸಾಲ ತೀರುತ್ತಿರಲಿಲ್ಲ. ಗುಂಪು ಕಟ್ಟಿಕೊಂಡು ಬಂದು ಕೊಲ್ಲುವವರ ಭಯ ಬೇರೆ. ಉತ್ತರದ ಕಾರ್ಖಾನೆಗಳಲ್ಲಿ ಕೆಲಸ ಇದೆ ಅಂತ ಸುದ್ದಿ ಬಂದಾಗ ಜನ ರೈಲು ಹತ್ತಿದರು. ಲಾರೆನ್ಸ್ ಅವರ ಅಪ್ಪ ಅಮ್ಮನೂ ದಕ್ಷಿಣದಿಂದ ಹಾಗೆ ಬಂದವರೇ. ಆ ಕಥೆಯನ್ನು ಅವರು 1940-41ರಲ್ಲಿ 60 ಚಿಕ್ಕ ಚಿತ್ರಗಳಲ್ಲಿ ಹೇಳಿದರು. ಆಗ ಅವರಿಗೆ ಬರೀ 23 ವರ್ಷ. ಬೆಸ ಸಂಖ್ಯೆಯ 30 ಚಿತ್ರ ಫಿಲಿಪ್ಸ್‌ನಲ್ಲಿವೆ, ಸಮ ಸಂಖ್ಯೆಯ 30 ನ್ಯೂಯಾರ್ಕಿನ ಮೋಮಾ ಮ್ಯೂಸಿಯಮ್ಮಿನಲ್ಲಿವೆ.

ಅವರು ಆ ಚಿತ್ರಗಳನ್ನು ಮಾಡಿದ ರೀತಿ ನನಗೆ ತುಂಬ ಇಷ್ಟವಾಯಿತು. ಒಂದನ್ನು ಮುಗಿಸಿ ಇನ್ನೊಂದು ಅಲ್ಲ. ಅರವತ್ತನ್ನೂ ಒಟ್ಟಿಗೆ ಇಟ್ಟುಕೊಂಡು, ಒಂದು ಬಣ್ಣ ತೆಗೆದುಕೊಂಡು, ಅದು ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಹಚ್ಚುವುದು. ಆಮೇಲೆ ಮುಂದಿನ ಬಣ್ಣ. ಹಾಗಾಗಿ ಮೊದಲ ಚಿತ್ರದ ನೀಲಿಯೂ ಕೊನೆಯ ಚಿತ್ರದ ನೀಲಿಯೂ ಒಂದೇ. ಚಿತ್ರದ ಕೆಳಗಿನ ಸಾಲುಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದರಂತೆ. ಟೀಚರ್ ಮಕ್ಕಳಿಗೂ ಇದೇ ನಿಯಮ ಮಾಡಿದರು. ನಿಮ್ಮ ಮನೆಯವರು ಈ ಊರಿಗೆ ಹೇಗೆ ಬಂದರು, ಮನೆಯಲ್ಲಿ ಕೇಳಿಕೊಂಡು ಬನ್ನಿ. ಮೊದಲು ಒಂದು ಸಾಲು ಬರೆಯಿರಿ. ಆಮೇಲೆ ಎಲ್ಲರೂ ಸೇರಿ ಒಂದೊಂದೇ ಬಣ್ಣ. ಚಿತ್ರ ಎಲ್ಲಿಗೆ ಬಂತು ಅಂತ ಕೇಳಿದರೆ ನನ್ನ ಮಗ, 'ಇವತ್ತು ನೀಲಿ ಅಮ್ಮ, ಹಳದಿ ಸೋಮವಾರ' ಅನ್ನುತ್ತಿದ್ದ. ಯಾರ ಚಿತ್ರವೂ ಮೊದಲು ಮುಗಿಯುವ ಹಾಗಿಲ್ಲ. ಚೆನ್ನಾಗಿ ಬಿಡಿಸುವ ಹುಡುಗಿಯೂ ಕಾಯಬೇಕು, ಬ್ರಷ್ ಹಿಡಿಯಲು ಬಾರದವನೂ ಕಾಯಬೇಕು.

ಒಂದು ದಿನ ಕ್ಲಾಸಿನಲ್ಲಿ ಬಣ್ಣದ ಬಟ್ಟಲು ತೊಳೆಯುತ್ತ ನಾನೂ ಅಲ್ಲೇ ಇದ್ದೆ. ಕಪ್ಪು ಹುಡುಗನೊಬ್ಬ ಕೈ ಎತ್ತಿದ. 'ನಮ್ಮಜ್ಜಿಯ ಅಮ್ಮ ಸೌತ್ ಕ್ಯಾರೊಲೈನಾದಿಂದ ರೈಲಲ್ಲಿ ಬಂದರು, ಅದು ಗೊತ್ತು. ಅದಕ್ಕೂ ಮುಂಚಿನವರು ಟಿಕೆಟ್ ತಗೊಂಡು ಬಂದವರಲ್ಲ. ಅವರನ್ನ ಹೇಗೆ ತೋರಿಸಲಿ?' ಟೀಚರ್ ಅವಸರ ಮಾಡಲಿಲ್ಲ. ಅವರೂ ಕಪ್ಪು ಹೆಂಗಸೇ. 'ನೀನು ಹೇಗೆ ತೋರಿಸಬೇಕು ಅಂದ್ಕೊಂಡಿದೀಯ?' ಅಂತ ಕೇಳಿದರು. ಅವನು ಇನ್ನೊಂದು ಹಾಳೆ ಕೇಳಿದ. ಹಡಗಿಲ್ಲ, ಮನುಷ್ಯರಿಲ್ಲ, ಇಡೀ ಹಾಳೆಗೆ ಕಡು ನೀಲಿ. ಕೆಳಗೆ ಎರಡು ಸಾಲು: 'ಇವರು ಹೊರಟು ಬಂದವರಲ್ಲ. ಇವರನ್ನು ಹೊತ್ತು ತಂದರು.' ಗೋಡೆಗೆ ಹಾಕುವಾಗ ಅದೇ ಮೊದಲು ಬರಬೇಕು ಅಂತ ಮಕ್ಕಳೇ ಹೇಳಿದರು. ಅದು ನ್ಯಾಯ. ಎಲ್ಲರೂ ಎಲ್ಲಿಂದಲೋ ಬಂದವರೇ ಅಲ್ವಾ ಅಂತ ಎಲ್ಲರ ಕಥೆಯನ್ನೂ ಒಂದೇ ಸಾಲಿಗೆ ಸೇರಿಸಿಬಿಟ್ಟಿದ್ದರೆ, ಆ ಹುಡುಗನ ಕಥೆ ಅಲ್ಲೇ ಮುಚ್ಚಿಹೋಗುತ್ತಿತ್ತು.

ಸಾಲಿನ ಕೊನೆಯ ಕಡೆ ನನ್ನ ಮಗನ ಚಿತ್ರ. ಬೆಂಗಳೂರು ಏರ್‌ಪೋರ್ಟು, ಎರಡು ದೊಡ್ಡ ಸೂಟ್‌ಕೇಸು, ಕೈ ಬೀಸುವ ಅಜ್ಜಿ. ಆ ಮೊದಲ ನೀಲಿ ಹಾಳೆಗೂ ಇದಕ್ಕೂ ನಡುವೆ ಎಷ್ಟೊಂದು ಚಿತ್ರಗಳಿವೆ ಅಂತ ನೋಡುತ್ತ ನಿಂತಾಗ ನನಗೆ 1965 ನೆನಪಾಯಿತು. ಅದಕ್ಕೂ ಮೊದಲು ಭಾರತದಿಂದ ಇಲ್ಲಿ ಬಂದು ನೆಲೆಸಲು ವರ್ಷಕ್ಕೆ 100 ಜನರಿಗೆ ಮಾತ್ರ ಕೋಟಾ ಇತ್ತು. ಕಪ್ಪು ಜನ ಬೀದಿಗಿಳಿದು, ಏಟು ತಿಂದು, ಜೈಲಿಗೆ ಹೋಗಿ 1964ರಲ್ಲಿ ಸಿವಿಲ್ ರೈಟ್ಸ್ ಕಾನೂನು ತಂದರು. 1965ರ ಆಗಸ್ಟ್‌ನಲ್ಲಿ ಮತದ ಹಕ್ಕಿನ ಕಾನೂನು ಬಂತು. ಅದೇ ಗಾಳಿಯಲ್ಲಿ ಆ ವರ್ಷದ ಅಕ್ಟೋಬರ್ 3ರಂದು ದೇಶ ನೋಡಿ ಕೋಟಾ ಹಂಚುವ ಹಳೇ ವಲಸೆ ಕಾನೂನೂ ಹೋಯಿತು. ಇಲ್ಲಿ ನಮ್ಮ ಕನ್ನಡ ಕೂಟಗಳು ಬೆಳೆದದ್ದು, ನಾವು ಮಗನನ್ನು ಈ ಶಾಲೆಗೆ ಕಳಿಸುತ್ತಿರುವುದು, ಎಲ್ಲ ಆಮೇಲಿನ ಮಾತು. ನಮ್ಮವರ ಗೆಟ್-ಟುಗೆದರ್‌ಗಳಲ್ಲಿ ವೀಸಾದ ಮಾತು ಗಂಟೆಗಟ್ಟಲೆ ನಡೆಯುತ್ತದೆ. ಈ ಮಾತು ಮಾತ್ರ ಬರುವುದು ಕಡಿಮೆ. ಜಾಸ್ತಿ ಬರಬೇಕು ಅಂತ ನನಗೆ ಅನ್ನಿಸುತ್ತದೆ.

ಕೆಳಗಿನ ಕ್ಲಾಸಿನ ಪುಟಾಣಿಗಳು ಕಪ್ಪು ಕಲಾವಿದೆ ಆಲ್ಮಾ ಥಾಮಸ್ ರೀತಿಯಲ್ಲಿ ಬಣ್ಣದ ಉಂಗುರಗಳನ್ನು ಮಾಡಿದ್ದರು. ಬೆರಳಗಲದ ಸಣ್ಣ ಸಣ್ಣ ಪಟ್ಟಿ, ನಡುವೆ ಬಿಳಿ ಇಣುಕುವ ಹಾಗೆ. ಆಲ್ಮಾ ಥಾಮಸ್ ನಮ್ಮ ಪಕ್ಕದೂರಿನವರೇ ಎನ್ನಬಹುದು. ವಾಷಿಂಗ್ಟನ್ನಿನ ಶಾ ಜೂನಿಯರ್ ಹೈಸ್ಕೂಲಿನಲ್ಲಿ 35 ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿ 1960ರಲ್ಲಿ ನಿವೃತ್ತರಾದರು. ಇಡೀ ಹೊತ್ತು ತಮ್ಮ ಚಿತ್ರಗಳಿಗೆ ಕೊಟ್ಟದ್ದು ಆಮೇಲೆ. 1972ರಲ್ಲಿ, 80ರ ವಯಸ್ಸಿನಲ್ಲಿ, ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಒಬ್ಬರದೇ ಪ್ರದರ್ಶನ ಕಂಡ ಮೊದಲ ಕಪ್ಪು ಮಹಿಳೆಯಾದರು. ಅವರ ಒಂದು ಚಿತ್ರ ಈಗ ಶ್ವೇತಭವನದ ಸಂಗ್ರಹದಲ್ಲಿದೆ. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಬೇರೆ. 1938ರಲ್ಲೇ ಅವರು ವಾಷಿಂಗ್ಟನ್ನಿನದೇ ಆದ ಹಾವರ್ಡ್ ವಿಶ್ವವಿದ್ಯಾಲಯದಿಂದ ಕಪ್ಪು ಕಲಾವಿದರ ಚಿತ್ರಗಳನ್ನು ತರಿಸಿ ಶಾಲೆಯೊಳಗೇ ಗ್ಯಾಲರಿ ಮಾಡಿದ್ದರು. ಮ್ಯೂಸಿಯಮ್ಮಿನ ಬಾಗಿಲು ತಮಗಲ್ಲ ಅಂದುಕೊಂಡು ಬೆಳೆಯುತ್ತಿದ್ದ ಮಕ್ಕಳಿಗೆ ಶಾಲೆಯ ಗೋಡೆಯೇ ಮ್ಯೂಸಿಯಂ ಆಯಿತು.

ವಾಷಿಂಗ್ಟನ್ನಿನ ಅದೇ ಶಾ ಬಡಾವಣೆಯಲ್ಲಿ ಇತಿಹಾಸಕಾರ ಕಾರ್ಟರ್ ವುಡ್ಸನ್ ಅವರ ಮನೆಯೂ ಇದೆ. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿದ್ದವರು, ಮಗ ಕಲ್ಲಿದ್ದಲು ಗಣಿಯಲ್ಲಿ ದುಡಿದು ಮುಂದೆ ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದ. 1926ರಲ್ಲಿ ಅವರು ಶುರು ಮಾಡಿದ ಒಂದು ವಾರದ ಆಚರಣೆಯೇ ಬೆಳೆದು ಈಗಿನ ಬ್ಲ್ಯಾಕ್ ಹಿಸ್ಟರಿ ಮಂತ್ ಆಗಿದೆ. ಶಾಲೆಗಳಿಗೆ ಗೋಡೆಗೆ ಹಾಕುವ ಚಿತ್ರ, ಮಕ್ಕಳು ಆಡುವ ಸಣ್ಣ ನಾಟಕ ಇಂಥದ್ದನ್ನೆಲ್ಲ ಅವರ ಸಂಘವೇ ಕಳಿಸುತ್ತಿತ್ತು. ನಾವು ಆ ಸಂಜೆ ಟೇಪು, ದಾರ, ಪಿನ್ನು ಹಿಡಿದು ಮಾಡುತ್ತಿದ್ದದ್ದೂ ಅದೇ ಕೆಲಸ.

ಟೀಚರ್ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೆಸರಿನ ಚೀಟಿ ಇಲ್ಲದೆ ಯಾವ ಚಿತ್ರವೂ ಗೋಡೆಗೆ ಹೋಗಬಾರದು. ಗೀಚಿದ ಹಾಗಿದ್ದರೂ ಸರಿ, ಬಿಡಿಸಿದವರ ಹೆಸರು ಬೇಕೇ ಬೇಕು.

ಸಂಜೆ ಆರಕ್ಕೆ ಜನ ಬರತೊಡಗಿದರು. ಮೊದಲು ಮಕ್ಕಳ ಹಾಡು, 'ಲಿಫ್ಟ್ ಎವ್ರಿ ವಾಯ್ಸ್ ಆ್ಯಂಡ್ ಸಿಂಗ್'. ಕಪ್ಪು ಅಮೆರಿಕನ್ನರ ರಾಷ್ಟ್ರಗೀತೆ ಅಂತಲೇ ಹೆಸರಾದ ಹಾಡು, ಎಲ್ಲರೂ ಎದ್ದು ನಿಂತರು. ಆ ಹಾಡು ಹುಟ್ಟಿದ್ದೂ ಶಾಲೆಯ ಮಕ್ಕಳಿಗಾಗಿಯೇ. ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಒಂದು ಶಾಲೆಯ ಹೆಡ್‌ಮಾಸ್ಟರ್ ಆಗಿದ್ದ ಜೇಮ್ಸ್ ವೆಲ್ಡನ್ ಜಾನ್ಸನ್ ಬರೆದರು, ಅವರ ತಮ್ಮ ರಾಗ ಹಾಕಿದರು, 1900ರ ಫೆಬ್ರವರಿ 12ರಂದು 500 ಮಕ್ಕಳು ಹಾಡಿದರು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಹಾಳೆ ನೋಡದೆ ಪೂರ್ತಿ ಹಾಡಿದರು.

ಆಮೇಲೆ ಎಂಬತ್ತು ದಾಟಿದ ಒಬ್ಬ ಅಜ್ಜಿ ಮಾತಾಡಿದರು. ಇದೇ ಕೌಂಟಿಯವರು. ಅವರು ಓದಿದ್ದು ಕಪ್ಪು ಮಕ್ಕಳಿಗೆಂದೇ ಇದ್ದ ಎರಡು ಕೋಣೆಯ ರೋಸೆನ್‌ವಾಲ್ಡ್ ಶಾಲೆಯಲ್ಲಿ. ಸಿಯರ್ಸ್ ಅಂಗಡಿ ಕಂಪನಿಯ ಜೂಲಿಯಸ್ ರೋಸೆನ್‌ವಾಲ್ಡ್ ಮತ್ತು ಕಪ್ಪು ಜನರ ಶಿಕ್ಷಣಕ್ಕೆ ದುಡಿದ ಬುಕರ್ ಟಿ. ವಾಷಿಂಗ್ಟನ್ ಸೇರಿ ಶುರು ಮಾಡಿದ ಕೆಲಸ ಅದು. 1932ರ ಹೊತ್ತಿಗೆ ದಕ್ಷಿಣದ 15 ರಾಜ್ಯಗಳಲ್ಲಿ ಅಂಥ ಸುಮಾರು 5,000 ಶಾಲೆ ಎದ್ದವು. ರೋಸೆನ್‌ವಾಲ್ಡ್ ದುಡ್ಡು ಪೂರ್ತಿ ಕೊಡುತ್ತಿರಲಿಲ್ಲ. ಊರಿನ ಕಪ್ಪು ಜನ ತಮ್ಮ ಪಾಲು ಹಾಕಬೇಕು. ಯಾರೋ ಜಾಗ ಕೊಟ್ಟರು, ಯಾರೋ ಮರ ಕಡಿದು ತಂದರು. ತಮ್ಮಜ್ಜಿ ಚರ್ಚಿನ ಹೆಂಗಸರ ಜೊತೆ ಅಡುಗೆ ಮಾಡಿ ಮಾರಿ ದುಡ್ಡು ಕೂಡಿಸಿದ್ದರಂತೆ.

ಅವರು ಚೀಲದಿಂದ ಒಂದು ಹಳೇ ಓದುವ ಪುಸ್ತಕ ತೆಗೆದರು. ರಟ್ಟಿನ ಒಳಬದಿಯಲ್ಲಿ ಪುಸ್ತಕ ಯಾರದು ಅಂತ ಬರೆಯುವ ಪಟ್ಟಿ. ಎಲ್ಲ ಗೆರೆಗಳಲ್ಲೂ ಬೇರೆ ಬೇರೆ ಕೈಬರಹದ ಹೆಸರುಗಳು ತುಂಬಿದ್ದವು. ಬಿಳಿಯರ ಶಾಲೆಯಲ್ಲಿ ಓದಿ ಓದಿ ಹಾಳೆ ಕಿತ್ತು ಬಂದ ಮೇಲೆ ಪುಸ್ತಕ ಇವರ ಶಾಲೆಗೆ ಬರುತ್ತಿತ್ತು. ಮುಂದೆ ಕೂತಿದ್ದ ಹುಡುಗಿ ಕೇಳಿದಳು, 'ನಿಮ್ಮ ಹೆಸರು ಎಲ್ಲಿ ಬರೆದಿರಿ?' ಅಜ್ಜಿ ಪುಸ್ತಕವನ್ನು ಅವಳ ಹತ್ತಿರ ಹಿಡಿದು ಬೆರಳಿಟ್ಟು ತೋರಿಸಿದರು. ಪಟ್ಟಿಯ ಹೊರಗೆ, ಅಂಚಿಗೆ ಅಂಟಿಕೊಂಡು, ಪೆನ್ಸಿಲಿನಲ್ಲಿ, ಅಡ್ಡಕ್ಕೆ. ಇಷ್ಟು ವರ್ಷ ಆದರೂ ಓದಲಿಕ್ಕೆ ಬರುತ್ತಿತ್ತು. ಮಕ್ಕಳು ಸಾಲು ನಿಂತು ನೋಡಿದರು. ಪಾಠದಲ್ಲಿ 'ಪ್ರತ್ಯೇಕ ಶಾಲೆಗಳಿದ್ದವು, 1954ರಲ್ಲಿ ಅವು ಕೂಡದು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು' ಅಂತ ಓದುವುದು ಬೇರೆ. ತಮ್ಮದೇ ಊರಿನ ಅಜ್ಜಿ ಆ ಅಂಚನ್ನು ತೋರಿಸುವುದು ಬೇರೆ. ಶಾಲೆಯವರು ಊರಿನ ಹಿರಿಯರನ್ನು ಕರೆಯಬೇಕಾದದ್ದು ಇದಕ್ಕೇ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಹಿಗೆಣಸಿನ ಪೈ, ಇಂಜೆರಾ, ಪುಪುಸಾ, ನನ್ನ ಚಿತ್ರಾನ್ನ, ಎಲ್ಲ ಖಾಲಿಯಾಯಿತು.

ಮೂರನೇ ಕ್ಲಾಸಿನ ಮಕ್ಕಳು ಅಲಬಾಮಾದ ಜೀಸ್ ಬೆಂಡ್ ಊರಿನ ಹೆಂಗಸರ ಕ್ವಿಲ್ಟುಗಳನ್ನು, ಅಂದರೆ ಬಟ್ಟೆ ತುಂಡು ಜೋಡಿಸಿ ಹೊಲಿದ ಹೊದಿಕೆಗಳನ್ನು, ನೋಡಿ ಕಾಗದದಲ್ಲಿ ಕ್ವಿಲ್ಟು ಮಾಡಿದ್ದರು. ಮನೆಯಲ್ಲಿ ನಿಜವಾದದ್ದು ಇದ್ದರೆ ತನ್ನಿ ಅಂದಿದ್ದರು ಟೀಚರ್. ಹತ್ತಿರದ ಚರ್ಚಿನ ಹೆಂಗಸರು ತಾವು ಹೊಲಿದದ್ದನ್ನು ತಂದಿದ್ದರು. ನಾನು ನಮ್ಮ ಕೌದಿ ಕೊಂಡುಹೋಗಿದ್ದೆ. ನಾನು ಯಲ್ಲಾಪುರದವಳು. ಅಮ್ಮ ತನ್ನ ಹಳೇ ಸೀರೆಗಳನ್ನೆಲ್ಲ ಕೊಟ್ಟು ಒಬ್ಬ ಸಿದ್ದಿ ಹೆಂಗಸಿನ ಹತ್ತಿರ ಹೊಲಿಸಿದ ಕೌದಿ ಅದು.

ಚರ್ಚಿನವರಲ್ಲಿ ಒಬ್ಬರು ಅದನ್ನು ಮೇಜಿನ ಮೇಲೆ ಹರಡಿ, ಮಗುಚಿ, ಹೊಲಿಗೆಯ ಮೇಲೆ ಬೆರಳಾಡಿಸುತ್ತ ಹೋದರು. 'ಇದು ಎಲ್ಲಿಂದ ಶುರುವಾಗುತ್ತೆ?' ಅಂಚಿನಿಂದ ಶುರುವಾಗುತ್ತದೆ ಅಂದೆ. ಸುತ್ತ ಸುತ್ತ ಬಂದು ನಡುವಿನಲ್ಲಿ ಮುಗಿಯುತ್ತದೆ. ನಾಲ್ಕು ಮೂಲೆಗಳಲ್ಲಿ ಮಡಿಸಿ ಕೂರಿಸಿದ ಬಟ್ಟೆಯ ಹೂವುಗಳನ್ನು ತೋರಿಸಿದೆ. ಅವಿಲ್ಲದಿದ್ದರೆ ಕೌದಿ ಮುಗಿದ ಲೆಕ್ಕವೇ ಇಲ್ಲ. ಸಿದ್ದಿಗಳು ಯಾರು ಅಂತ ಕೇಳಿದರು. ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ನಮ್ಮ ಉತ್ತರ ಕನ್ನಡದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಅವರ ಊರುಗಳಿವೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡ ಅಂತ ಮಾನ್ಯತೆ ಸಿಕ್ಕಿತು. ನನ್ನ ಕ್ಲಾಸಿನಲ್ಲೂ ಸಿದ್ದಿ ಮಕ್ಕಳಿದ್ದರು. ಅವರ ಹಿರಿಯರು ಎಲ್ಲಿಂದ, ಹೇಗೆ ಬಂದರು ಅಂತ ನಮ್ಮ ಯಾವ ಪಾಠದಲ್ಲೂ ಇರಲಿಲ್ಲ, ಯಾವ ಗೋಡೆಯ ಮೇಲೂ ಇರಲಿಲ್ಲ. ಅದನ್ನೂ ಹೇಳಿದೆ.

ಅಷ್ಟರಲ್ಲಿ ಟೀಚರ್ ಮಾರ್ಕರ್ ಹಿಡಿದು ಬಂದರು. 'ಯಾರು ಹೊಲಿದದ್ದು? ಚೀಟಿ ಬರೀಬೇಕು.'

ಊರಲ್ಲಿ ಆಗ ಬೆಳಗಿನ ಜಾವ. ಅಮ್ಮ ಎದ್ದಿರುತ್ತಾಳೆ ಅಂತ ಗೊತ್ತಿತ್ತು, ಫೋನ್ ಮಾಡಿದೆ. 'ಅಯ್ಯೋ, ಅವಳ ಹೆಸರು ಗೊತ್ತಿಲ್ದೇ ಏನು!' ಅಂತ ಹೆಸರು ಹೇಳಿ, ಊರು ಹೇಳಿ, ಮಕ್ಕಳೆಷ್ಟು ಅಂತಲೂ ಹೇಳಿದಳು. 'ಅದರಲ್ಲಿ ನಿಮ್ಮಪ್ಪನ ಒಂದು ಪಂಚೆನೂ ಇದೆ ನೋಡು, ಮಧ್ಯದ ಬಿಳೀದು.' ಚೀಟಿಯ ಮೇಲೆ ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆದೆ, ಕೆಳಗೆ ಕನ್ನಡದಲ್ಲೂ ಬರೆದೆ. ಚರ್ಚಿನವರ ಕ್ವಿಲ್ಟುಗಳ ಪಕ್ಕದಲ್ಲೇ ಕೌದಿಯನ್ನು ತೂಗುಹಾಕಿದರು.

ಒಂದು ವಾರ ಬಿಟ್ಟು ಅಮ್ಮ ಆ ಹೆಂಗಸನ್ನು ಹುಡುಕಿಕೊಂಡು ಹೋಗಿ ಫೋಟೋ ತೋರಿಸಿದಳು. ಅವರು ಮೊದಲು ಕೇಳಿದ್ದು, 'ಹೊದೆಯೋಕೆ ಹೊಲಿದದ್ದನ್ನ ಗೋಡೆಗೆ ಯಾಕೆ ಹಾಕಿದ್ರು?' ಅಂತ. ಆಮೇಲೆ ಪಕ್ಕದಲ್ಲಿದ್ದ ಕ್ವಿಲ್ಟುಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದರಂತೆ. ಚರ್ಚಿನ ಕೆಲವರು ತಮಗೂ ಒಂದೊಂದು ಬೇಕು ಅಂದಿದ್ದರು. ಅಮ್ಮ ಅದನ್ನೂ ಕೇಳಿದಳು. ರೇಟು ಹೇಳಿದರು, ಗದ್ದೆ ಕೆಲಸ ಮುಗಿದ ಮೇಲೆ ಹೊಲಿದು ಕೊಡುತ್ತೇನೆ ಅಂದರು. ಒಂದೇ ಷರತ್ತು. ಅಂಗಡಿಯ ಬಟ್ಟೆ ಬೇಡ, ಯಾರು ಹೊದೆಯುತ್ತಾರೋ ಅವರ ಮನೆಯವರು ಉಟ್ಟು ಬಿಟ್ಟ ಬಟ್ಟೆಯನ್ನೇ ಕಳಿಸಬೇಕು. ಈ ಮಾತು ಹೇಳಿದ್ದೇ ತಡ, ಚರ್ಚಿನವರು ಗಂಟು ಕಟ್ಟಿ ತಂದುಕೊಡಲು ಶುರು ಮಾಡಿದ್ದಾರೆ. ತಾಯಿಯ ಭಾನುವಾರದ ಫ್ರಾಕು, ಗಂಡನ ಅಂಗಿ, ಹಾಡುವ ತಂಡದ ಹಳೇ ನಿಲುವಂಗಿ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಒಂದು ಸೂಟ್‌ಕೇಸ್ ಪೂರ್ತಿ ಇದಕ್ಕೇ ಇಡಬೇಕು.