ಮನೆ ಲ್ಯಾಬ್ ಲಾಗ್: ಲೋಡ್ ಹಂಚೋಕೆ ನ್ಯಾಟ್ ಒಂದೇ ಸಾಕಾ?

ಕಪನೂರಿನಲ್ಲಿರುವ ಕಾಕಾನ ದಾಲ್ ಮಿಲ್‌ಗೆ ಬರೆದ ತೊಗರಿ ಲೆಕ್ಕದ ಆ್ಯಪ್ ಈಗ ನಮ್ಮ ಮನೆಯ ಎರಡು ಹಳೆ ಲ್ಯಾಪ್‌ಟಾಪ್‌ಗಳ ಮೇಲೆ ಓಡುತ್ತಿದೆ. ಎರಡನ್ನೂ ಶಹಾಬಾದ್ ಕಲ್ಲಿನ ನೆಲದ ಮೇಲೇ ಇಟ್ಟಿದ್ದೇನೆ. ಕಲಬುರಗಿಯ ಬಿಸಿಲಿಗೆ ಅದೇ ಕೂಲರ್. ಮುಂದೆ ಒಂದು ಚಿಕ್ಕ ಲಿನಕ್ಸ್ ಪೆಟ್ಟಿಗೆ ಇದೆ. ನ್ಯಾಟ್ (ನೆಟ್‌ವರ್ಕ್ ಅಡ್ರೆಸ್ ಟ್ರಾನ್ಸ್‌ಲೇಶನ್) ಬೇರೆ, ಕನೆಕ್ಷನ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಪೂರ್ತಿ ಬೇರೆ ಅನ್ನೋ ಮಾತಿದೆ. ಬರುವ ಕನೆಕ್ಷನ್‌ಗಳನ್ನು ಆ ಪೆಟ್ಟಿಗೆಯ ನ್ಯಾಟ್‌ನಿಂದಲೇ ಹಂಚಬಹುದಾ ಅಂತ ಈ ವಾರ ನೋಡಿದೆ.

ನ್ಯಾಟ್‌ನ ಕೆಲಸ ಪ್ಯಾಕೆಟ್ ಮೇಲಿನ ವಿಳಾಸ ತಿದ್ದುವುದು, ಅಷ್ಟೇ. 1994ರ ಆರ್‌ಎಫ್‌ಸಿ 1631 (ಇಂಟರ್ನೆಟ್‌ನ ತಾಂತ್ರಿಕ ದಾಖಲೆ) ಇದನ್ನು ಹೇಳಿದ್ದು ಐಪಿ ವಿಳಾಸಗಳ ಕೊರತೆಗೆ ತಾತ್ಕಾಲಿಕ ಪರಿಹಾರ ಅಂತ. ಆ ತಾತ್ಕಾಲಿಕ ಇನ್ನೂ ಮುಗಿದಿಲ್ಲ. ಆದರೆ ಲಿನಕ್ಸ್‌ನಲ್ಲಿ ಪ್ಯಾಕೆಟ್ ನಿಯಮ ಬರೆಯುವ ಐಪಿಟೇಬಲ್ಸ್‌ನಲ್ಲಿ ಡಿನ್ಯಾಟ್ (ತಲುಪಬೇಕಾದ ವಿಳಾಸ ಬದಲಿಸುವ) ರೂಲ್ ಜೊತೆ ಸ್ಟಾಟಿಸ್ಟಿಕ್ ಮಾಡ್ಯೂಲ್ ಹಾಕಿ 0.5 ಸಂಭವನೀಯತೆ ಕೊಟ್ಟರೆ, ಹೊಸ ಕನೆಕ್ಷನ್‌ಗಳು ಹೆಚ್ಚುಕಡಿಮೆ ಅರ್ಧರ್ಧ ಹಂಚಿ ಹೋಗುತ್ತವೆ. ಹಲವು ಯಂತ್ರಗಳ ಮೇಲೆ ಆ್ಯಪ್‌ಗಳನ್ನು ಓಡಿಸುವ ಕುಬರ್ನೆಟಿಸ್‌ನಲ್ಲಿ ಕನೆಕ್ಷನ್ ಹಂಚುವ ಕ್ಯೂಬ್‌ಪ್ರಾಕ್ಸಿ ಕೂಡ ಐಪಿಟೇಬಲ್ಸ್ ಮೋಡ್‌ನಲ್ಲಿ ಮಾಡುವುದು ಇದನ್ನೇ. ಹಾಗಾಗಿ ನ್ಯಾಟ್, ಲೋಡ್ ಬ್ಯಾಲೆನ್ಸರ್ ಎರಡೂ ಪೂರ್ತಿ ಬೇರೆ ಬೇರೆ ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ.

ವ್ಯತ್ಯಾಸ ಗೊತ್ತಾಗುವುದು ಕರೆಂಟ್ ಹೋದಾಗ. ಒಂದು ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿದೆ, ಕರೆಂಟ್ ಹೋದ ಕೂಡಲೇ ಅದೂ ಆಫ್. ಆದರೂ ನ್ಯಾಟ್ ಅರ್ಧ ಜನರನ್ನು ಅಲ್ಲಿಗೇ ಕಳಿಸುತ್ತಿತ್ತು. ಆ ಕಡೆ ಯಾರಾದರೂ ಇದ್ದಾರಾ ಅಂತ ಅದು ಕೇಳುವುದೇ ಇಲ್ಲ. ಕುಬರ್ನೆಟಿಸ್‌ನಲ್ಲಾದರೆ ರೆಡಿನೆಸ್ ಪ್ರೋಬ್ (ಉತ್ತರಿಸಲು ಸಿದ್ಧವಿದೆಯಾ ಅನ್ನೋ ಪರೀಕ್ಷೆ) ನೋಡಿ ಸತ್ತದ್ದನ್ನು ಪಟ್ಟಿಯಿಂದ ತೆಗೆಯುತ್ತಾರೆ. ಇಲ್ಲಿ ಆ ಕೆಲಸ ಮಾಡೋರು ಯಾರೂ ಇಲ್ಲ.

ಅದಕ್ಕೇ ಎಚ್‌ಎಪ್ರಾಕ್ಸಿ ಅನ್ನೋ ಲೋಡ್ ಬ್ಯಾಲೆನ್ಸರ್ ಹಾಕಿದೆ. ಸರ್ವರ್ ಸಾಲಿಗೆ ಚೆಕ್ ಸೇರಿಸಿದರೆ ಸಾಕು, 2 ಸೆಕೆಂಡಿಗೊಮ್ಮೆ ವಿಚಾರಿಸುತ್ತದೆ. ಸತತ 3 ಸಲ ಉತ್ತರ ಬರದಿದ್ದರೆ ಆ ಸರ್ವರ್ ಡೌನ್, ಮತ್ತೆ 2 ಸಲ ಸರಿಯಾಗಿ ಬಂದರೆ ಒಳಗೆ. ಡೀಫಾಲ್ಟ್ ಲೆಕ್ಕವೇ ಇದು, ನಾನು ಮುಟ್ಟಿಲ್ಲ.

ಇದಕ್ಕೂ ಒಂದು ಬೆಲೆ ಇದೆ. ಪ್ರಾಕ್ಸಿ ತಾನೇ ಹೊಸ ಕನೆಕ್ಷನ್ ತೆರೆಯುವುದರಿಂದ, ಆ್ಯಪ್‌ನ ಲಾಗ್‌ನಲ್ಲಿ ಎಲ್ಲರೂ ಒಂದೇ ಐಪಿಯಿಂದ ಬಂದಂತೆ ಕಾಣುತ್ತದೆ. ಅಸಲಿ ಐಪಿ ತಿಳಿಸುವ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್ ಹಾಕಲೇಬೇಕು. ಪ್ರಾಕ್ಸಿಯಿಂದ ಬಂದಾಗ ಮಾತ್ರ ಅದನ್ನು ನಂಬಬೇಕು, ಇಲ್ಲದಿದ್ದರೆ ಯಾರು ಬೇಕಾದರೂ ಸುಳ್ಳು ಐಪಿ ಬರೆದು ಕಳಿಸಬಹುದು. ಡಿನ್ಯಾಟ್‌ನಲ್ಲಿ ಅಸಲಿ ಐಪಿ ಹಾಗೇ ಉಳಿಯುತ್ತದೆ ನಿಜ. ಆದರೆ ಉತ್ತರ ವಾಪಸ್ ಅದೇ ಪೆಟ್ಟಿಗೆಯ ಮೂಲಕವೇ ಹೋಗಬೇಕು. ಮನೆಯ ವೈಫೈನಲ್ಲೇ ಇರುವ ಮೊಬೈಲ್‌ಗೆ ಲ್ಯಾಪ್‌ಟಾಪ್ ನೇರವಾಗಿ ಉತ್ತರ ಕೊಡುತ್ತದೆ. ಮೊಬೈಲ್ ಕಾಯುತ್ತಿರುವುದು ಪೆಟ್ಟಿಗೆಯ ಉತ್ತರಕ್ಕೆ, ಹಾಗಾಗಿ ಲ್ಯಾಪ್‌ಟಾಪ್‌ನ ನೇರ ಉತ್ತರವನ್ನು ಅದು ಎಸೆಯುತ್ತದೆ. ಕಳಿಸಿದವರ ವಿಳಾಸದ ಜಾಗದಲ್ಲಿ ಪೆಟ್ಟಿಗೆಯ ವಿಳಾಸ ಬರೆಯುವ ಮಾಸ್ಕರೇಡ್ ಹಾಕಿದರೆ ಸರಿಹೋಗುತ್ತದೆ, ಆಗ ಅಸಲಿ ಐಪಿ ಇಲ್ಲೂ ಹೋಯಿತು! ಏನು ಉಳಿಸಿದಂತಾಯ್ತು, ಹೇಳಿ?

ಆ್ಯಪ್ ಅನ್ನು ಮಿಲ್‌ನಿಂದ ತೆರೆಯುವುದು ಇನ್ನೂ ಬಾಕಿ. ರೌಟರ್‌ನ ಹೊರಗಿನ ವಿಳಾಸ ನೋಡಿದರೆ 100.64.0.0/10 ಸಾಲಿನದು. ಅಂದರೆ ಇಂಟರ್ನೆಟ್ ಕೊಡುವವರ ಕಡೆ ಇನ್ನೊಂದು ನ್ಯಾಟ್ ಕೂತಿದೆ, ನನ್ನ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಏನೂ ಉಪಯೋಗವಿಲ್ಲ. ಮುಂದಿನ ವಾರ ಎಚ್‌ಎಪ್ರಾಕ್ಸಿಯನ್ನು ಒಂದು ಸಣ್ಣ ಕ್ಲೌಡ್ ಸರ್ವರ್‌ಗೆ ಸಾಗಿಸಿ, ಮನೆಯಿಂದ ಅಲ್ಲಿಗೆ ವೈರ್‌ಗಾರ್ಡ್ ಟನಲ್ (ಗೂಢಲಿಪಿಯ ಖಾಸಗಿ ದಾರಿ) ಹಾಕುತ್ತೇನೆ. ಕೀಪ್‌ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಖಾಲಿ ಪ್ಯಾಕೆಟ್) 25 ಸೆಕೆಂಡ್ ಇಡಬೇಕು, ಸುಮ್ನೆ ಬಿಟ್ಟರೆ ನ್ಯಾಟ್ ಆ ದಾರಿಯನ್ನು ಮರೆತುಬಿಡುತ್ತದೆ. ಲಾಗಿನ್ ಸೆಷನ್ ಇನ್ನೂ ಆಯಾ ಲ್ಯಾಪ್‌ಟಾಪ್‌ನ ಮೆಮೊರಿಯಲ್ಲೇ ಇದೆ. ಅದನ್ನು ಡೇಟಾಬೇಸ್‌ಗೆ ಹಾಕುವವರೆಗೆ ಒಬ್ಬರನ್ನು ಪ್ರತಿ ಸಲ ಅದೇ ಲ್ಯಾಪ್‌ಟಾಪ್‌ಗೆ ಕಳಿಸುವ ಕುಕಿ ಸ್ಟಿಕಿನೆಸ್‌ನಲ್ಲೇ ದೂಡಬೇಕು.