ಆಷಾಢದ ಮ್ಯೂಸಿಕ್ ವಿಡಿಯೋ: ಆಲೆಮನೆ ಶೂಟಿಂಗ್ ಮುಗೀತು, ‘ನಿರ್ಮಾಣ’ ಯಾರದು ಅನ್ನೋದು ಬಾಕಿ

ಆಲೆಮನೆ ಭಾಗದ ಶೂಟಿಂಗ್ ಮುಗಿದಿದೆ, ಎಡಿಟ್ ಅರ್ಧಕ್ಕೆ ಬಂದಿದೆ. ಕಾಗದದ ಕೆಲಸ ಮಾತ್ರ ಜಗಳದಲ್ಲಿದೆ.

ಹೊಸದಾಗಿ ಓದುವವರಿಗೆ ಹಿನ್ನೆಲೆ: ಹಾಡು ಮದ್ದೂರಿನ ಹುಡುಗನದು. ಬರೆದವನು, ರಾಗ ಹಾಕಿದವನು, ಹಾಡಿದವನು ಎಲ್ಲ ಅವನೇ. ಕ್ಯಾಮೆರಾ ಹಿಡಿಯುವವನು ಸರಸ್ವತಿಪುರಂನ ನನ್ನ ಗೆಳೆಯ, ಹೊಟ್ಟೆಪಾಡಿಗೆ ಮದುವೆ ವಿಡಿಯೋ ಮಾಡುತ್ತಾನೆ. ಆಷಾಢದಲ್ಲಿ ಮದುವೆ ಇಲ್ಲ. ಅವನ ಕ್ಯಾಮೆರಾ, ಅದು ಅಲುಗದಂತೆ ಹಿಡಿಯುವ ಗಿಂಬಲ್, ಲೈಟು ಎಲ್ಲವೂ ನಮ್ಮ ಪಾಲಿಗೆ ಬಂದವು. ಎಡಿಟ್ ನನ್ನದು. ಮೈಸೂರಿನಲ್ಲಿ ಸ್ವತಂತ್ರ ಮ್ಯೂಸಿಕ್ ವಿಡಿಯೋಗಳನ್ನು ಮಾಡುವವರು, ನಾನು ಕಂಡಂತೆ, ಬಹುಪಾಲು ಇಂಥ ಮದುವೆ ಕ್ಯಾಮೆರಾದವರೇ.

ಆಲೆಮನೆಯಲ್ಲಿ

ಮಂಡ್ಯದ ಹತ್ತಿರದ ಆಲೆಮನೆ. ಕೊಪ್ಪರಿಗೆಯಿಂದ ಏಳುವ ಹಬೆಯ ನಡುವೆ ಹುಡುಗ ನಿಧಾನವಾಗಿ ನಡೆದು ಬರಬೇಕು, ತುಟಿ ಮಾತ್ರ ಹಾಡಿಗೆ ಸರಿಯಾಗಿ ಆಡಬೇಕು. ಇದಕ್ಕೆ ಹಳೆಯ ಉಪಾಯ ಒಂದಿದೆ. ಸೆಕೆಂಡಿಗೆ 50 ಫ್ರೇಮ್‌ನಲ್ಲಿ ಚಿತ್ರೀಕರಿಸಿ, ಎಡಿಟ್ ಮಾಡುವಾಗ ಸೆಕೆಂಡಿಗೆ 25 ಫ್ರೇಮ್‌ನ ಟೈಮ್‌ಲೈನ್‌ನಲ್ಲಿ ಓಡಿಸಿದರೆ ಎಲ್ಲವೂ ಅರ್ಧ ವೇಗಕ್ಕೆ ಇಳಿಯುತ್ತದೆ. ಆದ್ದರಿಂದ ಸೆಟ್‌ನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಬೇಕು, ಹಾಡುವವನೂ ಅದೇ ವೇಗದಲ್ಲಿ ಬಾಯಾಡಿಸಬೇಕು. ಕೀಚಲು ದನಿಯಲ್ಲಿ ಹಾಡು ಶುರುವಾದದ್ದೇ ತಡ, ಬೆಲ್ಲ ತಿರುವುತ್ತಿದ್ದ ಯಜಮಾನರು ಕೈ ನಿಲ್ಲಿಸಿದರು. “ಏನ್ ಸಾ, ನಿಮ್ ಹಾಡ್ಗೆ ಏನಾರಾ ಮೆಟ್ಕಂಡದಾ?” ಹುಡುಗ ನಕ್ಕುಬಿಟ್ಟ, ಆ ಟೇಕ್ ಹೋಯಿತು. ಆದರೆ ಆ ನಗು ನಿಧಾನಗತಿಯಲ್ಲಿ ಎಷ್ಟು ಚೆಂದ ಬಂದಿದೆ ಎಂದರೆ ಎಡಿಟ್‌ನಲ್ಲಿ ಇಟ್ಟುಕೊಂಡಿದ್ದೇನೆ.

ಗಾಣದ ಸದ್ದು ದೊಡ್ಡ ತಲೆನೋವು. ಸಾಮಾನ್ಯವಾಗಿ ಸ್ಪೀಕರಿನ ಹಾಡನ್ನು ಕ್ಯಾಮೆರಾದ ಮೈಕು ಹಿಡಿದುಕೊಳ್ಳುತ್ತದೆ, ಆಮೇಲೆ ಆ ತರಂಗಕ್ಕೆ ಮೂಲ ಹಾಡನ್ನು ಕೂರಿಸುತ್ತೇವೆ. ಇಲ್ಲಿ ಹಾಡೇ ಕೇಳುತ್ತಿರಲಿಲ್ಲ. ಗೆಳೆಯ ಮದುವೆಯಲ್ಲಿ ಪುರೋಹಿತರಿಗೆ ಹಾಕುವ ಕಾಲರ್ ಮೈಕನ್ನು ತೆಗೆದು ಸ್ಪೀಕರಿನ ಮೈಮೇಲೇ ಟೇಪ್ ಸುತ್ತಿ ಅಂಟಿಸಿದ. ಸಿಂಕ್ ಸಲೀಸಾಗಿ ಕೂತಿತು. ಟ್ಯೂಬ್‌ಲೈಟ್ ಮಿಣುಕದಂತೆ ಶಟರ್ ವೇಗವನ್ನು ಸೆಕೆಂಡಿನ 1/100ಕ್ಕೆ ಇಟ್ಟದ್ದೂ ಅವನೇ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ, ಶಟರ್ ಅದಕ್ಕೆ ಹೊಂದಬೇಕು.

ಕಂಪನಿಯ ಪತ್ರ

ಬೆಂಗಳೂರಿನ ಸಣ್ಣದೊಂದು ಆಡಿಯೋ ಕಂಪನಿಗೆ ಟೀಸರ್ ತೋರಿಸಿದ್ದೆವು. “ನಮ್ಮ ಚಾನೆಲ್‌ನಲ್ಲಿ ಬಿಡ್ತೀವಿ, ಹಾಡು, ವಿಡಿಯೋ ಎರಡರ ಹಕ್ಕೂ ಶಾಶ್ವತವಾಗಿ ನಮಗೆ” ಎಂಬ ಪತ್ರ ಬಂದಿದೆ. ಹಣದ ಮಾತೇ ಇಲ್ಲ.

ಇದನ್ನು ಓದಿದ ಮೇಲೆ, ಲೇಬಲ್‌ಗಳು, ಅಂದರೆ ಹಾಡು ಹೊರತರುವ ಕಂಪನಿಗಳು, ನಿಜಕ್ಕೂ ಏನು ಮಾಡುತ್ತವೆ ಎಂದು ಕೆದಕಿದೆ. ಯೂನಿವರ್ಸಲ್, ಸೋನಿ, ವಾರ್ನರ್‌ನಂಥ ಕಡೆ ಕಮಿಷನರ್ ಅಂತ ಒಬ್ಬರಿರುತ್ತಾರೆ. ಅವರು ಹಾಡು ಮತ್ತು ಬಜೆಟ್ಟನ್ನು ಕೆಲವು ನಿರ್ದೇಶಕರಿಗೆ ಕಳಿಸುತ್ತಾರೆ, ನಿರ್ದೇಶಕರು ತಮ್ಮ ಕಲ್ಪನೆಯನ್ನು ಬರೆದು ಕೊಡುತ್ತಾರೆ, ಅದರಲ್ಲಿ ಒಂದು ಆಯ್ಕೆಯಾಗುತ್ತದೆ. ಜಲಂಧರ್‌ನಲ್ಲಿ ಹುಟ್ಟಿದ ನಿರ್ದೇಶಕ ತರ್ಸೇಮ್ ಸಿಂಗ್ 1991ರಲ್ಲಿ ಅಮೆರಿಕದ ಆರ್‌ಇಎಂ ಬ್ಯಾಂಡಿಗೆ ಮಾಡಿದ ವಿಡಿಯೋ ಲೇಬಲ್ ಕಾಲದ ದೊಡ್ಡ ಹೆಸರು. ಆದರೆ ಆ ಖರ್ಚಿನಲ್ಲಿ ಒಂದು ಪಾಲನ್ನಾದರೂ ಕಲಾವಿದರ ರಾಯಲ್ಟಿಯಿಂದ ಮುರಿದುಕೊಳ್ಳುವುದು ಅಲ್ಲಿನ ರೂಢಿ. ಹಣ ಹಾಕುವುದಾದರೂ ಹಾಕುತ್ತಾರಲ್ಲ, ಅದೇ ವ್ಯತ್ಯಾಸ.

ನಮ್ಮ ಸಿನಿಮಾ ಹಾಡಿನ ಕತೆ ಬೇರೆ. ಲಹರಿ, ಆನಂದ್ ಆಡಿಯೋದಂಥವರು ನಿರ್ಮಾಪಕರಿಂದ ಆಡಿಯೋ ಹಕ್ಕು ಕೊಂಡು ಮೊದಲು ಲಿರಿಕಲ್ ವಿಡಿಯೋ ಬಿಡುತ್ತಾರೆ. ಹಾಡಿನ ದೃಶ್ಯ ಕಟ್ಟುವವರು ಚಿತ್ರದ ನಿರ್ದೇಶಕರು ಮತ್ತು ಡ್ಯಾನ್ಸ್ ಮಾಸ್ಟರು. ಹಾಗಾಗಿ ಕನ್ನಡದಲ್ಲಿ ಅತಿ ಹೆಚ್ಚು ಹಾಡುಗಳಿಗೆ ಕಣ್ಣು ಕೊಟ್ಟವರು ಮಾಸ್ಟರುಗಳು ಎಂದೇ ನನ್ನ ಲೆಕ್ಕ. ಯೂಟ್ಯೂಬ್ ಟೈಟಲ್‌ನಲ್ಲಿ ಅವರ ಹೆಸರು ಹುಡುಕಿ ನೋಡಿ, ಸಿಕ್ಕರೆ ಪುಣ್ಯ.

ಯಾರು ಮಾಡಿದ್ದು?

1957ರ ಕಾಪಿರೈಟ್ ಕಾಯ್ದೆಯ ಲೆಕ್ಕದಲ್ಲಿ ಮ್ಯೂಸಿಕ್ ವಿಡಿಯೋ ಕೂಡ ಸಿನಿಮಾವೇ. ಅದರ ಕರ್ತೃ ನಿರ್ದೇಶಕನಲ್ಲ, ನಿರ್ಮಾಪಕ. ಅಂದರೆ ಮುಂದಾಳತ್ವ ವಹಿಸಿ ಜವಾಬ್ದಾರಿ ಹೊತ್ತವನು. ಇದನ್ನು ಓದಿ ಹೇಳಿದ ಕೂಡಲೇ, ಡೀಸೆಲ್ಲಿಗೂ ಊಟಕ್ಕೂ ದುಡ್ಡು ಕೊಟ್ಟಿದ್ದ ಹುಡುಗನ ಚಿಕ್ಕಪ್ಪ ಎದ್ದು ಕೂತರು. “ದುಡ್ಡು ನಂದು, ಹೆಸ್ರು ಮೊದ್ಲು ನಂದೇ ಬರ್ಬೇಕು ಕಣಪ್ಪ.” ಕಾಯ್ದೆ ದುಡ್ಡಿನ ಮಾತು ಆಡುವುದಿಲ್ಲ ಎಂದು ವಾದಿಸಬಹುದಿತ್ತು. ಮುಂದಿನ ಶೂಟಿಂಗಿಗೂ ಅವರದೇ ಟೆಂಪೊ ಬೇಕು, ಸುಮ್ಮನಿದ್ದೆ.

ಅದೇ ಕಾಯ್ದೆಯಲ್ಲಿ ನಮಗೆ ಬಲ ಕೊಡುವ ಅಂಶಗಳೂ ಸಿಕ್ಕವು. 2012ರ ತಿದ್ದುಪಡಿ ಬಂದಮೇಲೆ ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಟ್ಟು ಕಳೆದುಕೊಳ್ಳುವ ಹಾಗಿಲ್ಲ. ವಾರಸುದಾರರಿಗೋ, ಹಕ್ಕುದಾರರ ಪರವಾಗಿ ರಾಯಲ್ಟಿ ವಸೂಲು ಮಾಡುವ ಕಾಪಿರೈಟ್ ಸೊಸೈಟಿಗೋ ಮಾತ್ರ ಕೊಡಬಹುದು. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ‘ಶಾಶ್ವತ’ ಎಂದು ಅವರು ಒತ್ತಿ ಬರೆದದ್ದು ಇದಕ್ಕೇ.

ಈಗಿನ ಸ್ಥಿತಿ: ಐದು ವರ್ಷ, ವಿಡಿಯೋ ಮಾತ್ರ, ಹಾಡು ಹುಡುಗನಲ್ಲೇ ಎಂದು ಮರುಪತ್ರ ಕಳಿಸಿದ್ದೇವೆ. ಅವರು ಒಪ್ಪದಿದ್ದರೆ ಹುಡುಗನ ಚಾನೆಲ್‌ನಲ್ಲೇ ಬಿಡುತ್ತೇವೆ. ನೋಡುವವರು ಕಡಿಮೆ ಆಗುತ್ತಾರೆ, ಗೊತ್ತಿದೆ. ವಿಡಿಯೋಗೆ ಹಾಡಿನದಲ್ಲದೆ ಬೇರೆಯದೇ ಐಎಸ್‌ಆರ್‌ಸಿ ಸಂಖ್ಯೆ (ಪ್ರತಿ ರೆಕಾರ್ಡಿಂಗನ್ನು ಗುರುತಿಸುವ ಸಂಖ್ಯೆ) ತೆಗೆಸಬೇಕು. ಟೈಟಲ್ ಕಾರ್ಡಿನಲ್ಲಿ ನಿರ್ಮಾಣ ಚಿಕ್ಕಪ್ಪ ಮತ್ತು ಹುಡುಗ ಇಬ್ಬರ ಹೆಸರಲ್ಲಿ, ಛಾಯಾಗ್ರಹಣ ನನ್ನ ಹೆಸರಿಗಿಂತ ಮೇಲೆ. ಕಲರ್ ಗ್ರೇಡಿಂಗ್ ಈ ಭಾನುವಾರ ಶುರು. ಹಬೆಯ ಶಾಟ್‌ಗಳು ಸ್ವಲ್ಪ ನೀಲಿಗೆ ತಿರುಗಿವೆ, ಮೊದಲು ಅದನ್ನು ಬೆಲ್ಲದ ಬಣ್ಣಕ್ಕೆ ತರಬೇಕು.